ಪಾಗಾರದ ಬದಿಗೆ ನೀಲಿ ಗಿಡ: ಬೀಜ ಹಾಕುವುದರಿಂದ ಮಳೆಗಾಲ ದಾಟಿಸುವವರೆಗೆ

ಉಡುಪಿಯ ನಮ್ಮ ಮನೆಯ ಪಾಗಾರದ (ಕಾಂಪೌಂಡ್ ಗೋಡೆಯ) ಒಳಗೆ, ಗೇಟಿನಿಂದ ಬಾವಿಕಟ್ಟೆಯವರೆಗೆ 18 ಅಡಿ ಉದ್ದದ ಒಂದು ಪಟ್ಟಿ ಜಾಗ ಇದೆ. ಎರಡು ಮಳೆಗಾಲ ಅಲ್ಲಿ ನೆಟ್ಟದ್ದೆಲ್ಲ ಕೊಳೆತು ಹೋಯಿತು. ಈಗ ಅದೇ ಜಾಗದಲ್ಲಿ ಏಳು ನೀಲಿ ಗಿಡಗಳು, ಅಂದರೆ ಬಟ್ಟೆಗೆ ನೀಲಿ ಬಣ್ಣ ಕೊಡುವ ಇಂಡಿಗೋ, ಎದೆಮಟ್ಟ ಬೆಳೆದು ನಿಂತಿವೆ. ಹೇಗೆ ಬಂತು ಎಂದು ಕೇಳಿದವರಿಗೆಲ್ಲ ತುಂಡು ತುಂಡಾಗಿ ಹೇಳಿದ್ದೇನೆ, ಇಲ್ಲಿ ಪೂರ್ತಿ ಬರೆಯುತ್ತೇನೆ.

ಶುರುವಾದದ್ದು ಬೇರೆ ಗಿಡದಿಂದ. ಅಮೆರಿಕದಲ್ಲಿರುವ ಅಕ್ಕನ ಮಗಳು ತನ್ನ ಅಂಗಳದಲ್ಲಿ ಅರಳಿದ ಫಾಲ್ಸ್ ಇಂಡಿಗೋ ಗಿಡದ ಫೋಟೋ ಕಳಿಸಿದ್ದಳು. ಬ್ಯಾಪ್ಟೀಸಿಯಾ ಆಸ್ಟ್ರಾಲಿಸ್ ಅಂತ ಅದರ ಸಸ್ಯಶಾಸ್ತ್ರದ ಹೆಸರು. ಮೂರು ನಾಲ್ಕು ಅಡಿಯ ದುಂಡನೆಯ ಪೊದೆ, ಉದ್ದ ಕಡ್ಡಿಯ ತುಂಬ ಬಟಾಣಿ ಹೂವಿನ ಆಕಾರದ ನೀಲಿ ಹೂವು, ಹೂವು ಹೋದ ಮೇಲೆ ಕಪ್ಪಗಾಗುವ ಕೋಡು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಅಲ್ಲಿ ಹೋಗಿ ನೆಲೆಸಿದ ಯುರೋಪಿನವರು ಬಟ್ಟೆಗೆ ಬಣ್ಣ ಹಾಕಲು ನಿಜವಾದ ನೀಲಿಯ ಬದಲಿಗೆ ಇದನ್ನು ಬಳಸಿದ್ದರು, ಹಾಗಾಗಿ ಆ ‘ಫಾಲ್ಸ್’, ಅಂದರೆ ಸುಳ್ಳು ನೀಲಿ. ನನಗೆ ಆಸೆ ಆಯಿತು. ಬೀಜ ತರಿಸಿದೆ, ಒದ್ದೆ ಮರಳಲ್ಲಿ ಹಾಕಿ ಆರು ವಾರ ಫ್ರಿಜ್ಜಿನಲ್ಲಿಟ್ಟೆ. ಮೂರು ಮೊಳೆತವು. ಜೂನಿನ ಮಳೆಗೆ ಮೂರೂ ಹೋದವು.

ಹೋದದ್ದು ಸಹಜ. ಆ ಗಿಡಕ್ಕೆ ಗಟ್ಟಿ ಚಳಿಗಾಲ ಬೇಕು. ಚಳಿಗೆ ಮೇಲಿನ ಭಾಗ ಪೂರ್ತಿ ಒಣಗಬೇಕು, ಬೇರು ನೆಲದೊಳಗೆ ಕೆಲವು ತಿಂಗಳು ಸುಮ್ಮನೆ ಮಲಗಿರಬೇಕು, ಆಮೇಲೆ ಹೊಸದಾಗಿ ಚಿಗುರಬೇಕು. ನಮ್ಮ ಜನವರಿ ರಾತ್ರಿಯೂ 20 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಚಳಿ ಸಿಕ್ಕುವ ಊರಲ್ಲೇ ಅದು ಚೆನ್ನಾಗಿ ಹೂ ಬಿಡಲು ಮೂರು ವರ್ಷ ತೆಗೆದುಕೊಳ್ಳುತ್ತದೆ. ಮಂಗಳೂರು, ಉಡುಪಿಯವರು ಅದಕ್ಕೆ ದುಡ್ಡು ಹಾಕಬೇಡಿ.

ನಿಜವಾದ ನೀಲಿ ನಮ್ಮ ಕಡೆ ಬೆಳೆಯುತ್ತದೆ ಅಲ್ವಾ, ಅದನ್ನು ನೆಡಿ. ಇಂಡಿಗೋಫೆರಾ ಟಿಂಕ್ಟೋರಿಯಾ. ಕೇರಳದವರು ನೀಲಯಮರಿ ಅನ್ನುತ್ತಾರೆ, ತಮಿಳರು ಅವುರಿ. ಫಾಲ್ಸ್ ಇಂಡಿಗೋ, ನೀಲಿ ಎರಡೂ ಒಂದೇ ಕುಟುಂಬದ ಗಿಡಗಳು, ನಮ್ಮ ಅಲಸಂಡೆ, ತೊಗರಿಯ ಕುಟುಂಬ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀಲಿ ಗಿಡದ ಹೂವು ನೀಲಿ ಅಲ್ಲ. ನಸು ಗುಲಾಬಿ, ಸಣ್ಣದು, ಎಲೆಯ ಸಂದಿಯಲ್ಲಿ ಗೊಂಚಲಾಗಿ ಬರುತ್ತದೆ. ಬಣ್ಣ ಇರುವುದು ಎಲೆಯೊಳಗೆ. ಅಂಚಿನ ಗಿಡವಾಗಿ ಇದರ ಚಂದ ಅದರ ಎಲೆಯದ್ದು: ಸಣ್ಣ ಸಣ್ಣ ಎಲೆ, ಹಸಿರಿಗೆ ತುಸು ನೀಲಿ ಬೆರೆತ ಬಣ್ಣ, ಗಾಳಿಗೆ ಇಡೀ ಪೊದೆ ಹಗುರವಾಗಿ ಅಲ್ಲಾಡುತ್ತದೆ. ಹೂವೂ ನೀಲಿಯೇ ಬೇಕು ಅನ್ನುವವರು ಹಿಂದಿನ ಪಾಗಾರಕ್ಕೆ ಶಂಖಪುಷ್ಪದ ಬಳ್ಳಿ ಹಬ್ಬಿಸಿ. ನಾನೂ ಹಾಗೇ ಮಾಡಿದ್ದೇನೆ, ಮುಂದೆ ನೀಲಿಯ ಎಲೆ, ಹಿಂದೆ ಶಂಖಪುಷ್ಪದ ಹೂವು, ಎರಡೂ ಸೇರಿ ಕಣ್ಣಿಗೆ ತಂಪು.

ಸರಿಯಾದ ಗಿಡವೇ ಸಿಕ್ಕಿದೆಯೇ ನೋಡಿಕೊಳ್ಳಿ

ನನಗೆ ಒಂದು ನರ್ಸರಿಯಲ್ಲಿ ನೀಲಿ ಅಂತ ಕೊಟ್ಟ ನಾಲ್ಕು ಸಸಿ ಶರಪುಂಖ ಆಗಿತ್ತು. ಆರು ತಿಂಗಳು ಸಾಕಿದ ಮೇಲೆ ಗೊತ್ತಾಯಿತು. ಎರಡೂ ಮೇಲ್ನೋಟಕ್ಕೆ ಒಂದೇ ತರ ಕಾಣುತ್ತವೆ, ಮಾರುವವರಿಗೂ ತಪ್ಪುತ್ತದೆ. ಶರಪುಂಖ ಕೆಟ್ಟ ಗಿಡವೇನಲ್ಲ, ಔಷಧಿಗೆ ಬಳಸುತ್ತಾರೆ, ಆದರೆ ನಿಮಗೆ ಬೇಕಾದದ್ದು ಅದಲ್ಲ.

ಗುರುತಿಸುವುದು ಸುಲಭ. ಒಂದು ಕಿರು ಎಲೆಯ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಶರಪುಂಖದ್ದಾದರೆ ಬಾಣದ ಗರಿಯ ಹಾಗೆ ವಿ ಆಕಾರದಲ್ಲಿ ಹರಿಯುತ್ತದೆ, ಆ ಹೆಸರು ಬಂದದ್ದೇ ಅದರಿಂದ. ಕೋಡು ನೋಡಿದರೂ ತಿಳಿಯುತ್ತದೆ. ಶರಪುಂಖದ ಕೋಡು ಚಪ್ಪಟೆ. ನೀಲಿಯದ್ದು ಸಣ್ಣ ಕಡ್ಡಿಯ ಹಾಗೆ ಉರುಟು, ಎರಡು ಮೂರು ಸೆಂಟಿಮೀಟರ್ ಉದ್ದ, ತುಸು ಬಾಗಿ ಕೆಳಗೆ ನೇತಾಡುತ್ತದೆ. ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ನಾಲ್ಕು ಎಲೆ ಕಿತ್ತು ಪುಸ್ತಕದೊಳಗೆ ಇಡಿ. ಒಣಗಿದಾಗ ನೀಲಿಯ ಎಲೆ ಕಪ್ಪು ಮಿಶ್ರಿತ ನೀಲಿಗೆ ತಿರುಗುತ್ತದೆ. ಶರಪುಂಖ ಹಾಗಾಗುವುದಿಲ್ಲ.

ಸಸಿಗಿಂತ ಬೀಜವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನೀಲಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಕವರಿನಲ್ಲಿ ಜಾಸ್ತಿ ದಿನ ಇದ್ದ ಸಸಿಯ ಬೇರು ಸುತ್ತಿಕೊಂಡು ಹೋಗಿರುತ್ತದೆ, ಆಮೇಲೆ ನೆಲಕ್ಕೆ ಹಾಕಿದರೂ ಕೆಳಗೆ ಹೋಗುವುದಿಲ್ಲ. ಮನೆಯಲ್ಲಿ ಕೇರಳದ ನೀಲಿಭೃಂಗಾದಿ ಎಣ್ಣೆಯ ತರದ ತಲೆಎಣ್ಣೆ ಕಾಯಿಸುವವರು ಅಂಗಳದಲ್ಲಿ ಒಂದೆರಡು ನೀಲಿ ಗಿಡ ಇಟ್ಟುಕೊಂಡಿರುವುದುಂಟು. ಅಂಥವರಲ್ಲಿ ಕೇಳಿದರೆ ಒಂದು ಹಿಡಿ ಕೋಡು ಕೊಡುತ್ತಾರೆ.

ಜಾಗ, ಮತ್ತು ಗುಂಡಿ ತೆಗೆಯುವ ತಪ್ಪು

ಬಿಸಿಲು ದಿನಕ್ಕೆ ಕಡಿಮೆ ಅಂದರೂ ಆರು ಗಂಟೆ ಬೇಕು. ಹಲಸು, ಮಾವಿನ ಅಡಿಯಲ್ಲಿ ಆಗುವುದಿಲ್ಲ, ಉದ್ದಕ್ಕೆ ಎಳೆದುಕೊಂಡು ಸಪೂರ ಆಗುತ್ತದೆ. ದೂರ ದೂರ ಇರುವ ತೆಂಗಿನ ಮರದ ಮಧ್ಯೆ ಪರವಾಗಿಲ್ಲ. ಹಂಚಿನ ಮಾಡಿನ ನೀರು ನೇರ ಬೀಳುವ ಸಾಲಿನಲ್ಲಿ ಮಾತ್ರ ಯಾವ ಕಾರಣಕ್ಕೂ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಯಾವ ಗಿಡ ನೆಡುವುದಾದರೂ ಮೊದಲು ಪಿಕ್ಕಾಸು ಹಿಡಿದು ಒಂದೂವರೆ ಅಡಿ ಗುಂಡಿ ತೆಗೆಯುತ್ತೇವೆ, ಗೊಬ್ಬರ ತುಂಬುತ್ತೇವೆ, ನೆಡುತ್ತೇವೆ. ತೆಂಗಿಗೆ ಸರಿ. ನೀಲಿಗೆ ಅದೇ ಸಾವು. ಅರ್ಧ ಅಡಿ ಮಣ್ಣಿನ ಕೆಳಗೆ ಮುರಕಲ್ಲು (ಕೆಂಪುಕಲ್ಲು) ಇರುವ ಜಾಗದಲ್ಲಿ ಗುಂಡಿ ತೆಗೆದರೆ ನೀವು ಮಾಡಿದ್ದು ಒಂದು ಕಲ್ಲಿನ ಮರಿಗೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಹೆಚ್ಚಿನದ್ದೆಲ್ಲ ಜೂನಿನಿಂದ ಸೆಪ್ಟೆಂಬರ್ ಒಳಗೆ. ಸುತ್ತಲಿನ ನೀರೆಲ್ಲ ಸಡಿಲ ಮಣ್ಣಿರುವ ಆ ಗುಂಡಿಗೇ ಇಳಿಯುತ್ತದೆ, ಹೋಗಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ, ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ನನ್ನ ಎರಡು ವರ್ಷದ ಗಿಡಗಳು ಹೋದದ್ದು ಹೀಗೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಕೊಳಚೆ ವಾಸನೆ ಬರುತ್ತಿತ್ತು.

ನಿಮ್ಮ ಜಾಗ ಹೇಗಿದೆ ಎಂದು ತಿಳಿಯಲು ಹೀಗೆ ಮಾಡಿ. ಒಂದು ಅಡಿ ಆಳ ತೋಡಿ, ಒಂದು ಕೊಡಪಾನ ನೀರು ಸುರಿಯಿರಿ. ಅದು ಇಂಗಿದ ಮೇಲೆ ಇನ್ನೊಂದು ಕೊಡಪಾನ. ಎರಡನೆಯದು ಒಂದು ಗಂಟೆಯೊಳಗೆ ಇಂಗಿದರೆ ನೀವು ಅದೃಷ್ಟವಂತರು. ಮಲ್ಪೆ, ಕಾಪು ಕಡೆಯ ಹೊಯಿಗೆ (ಮರಳು) ನೆಲದವರಿಗೆ ಹೀಗೇ ಆಗುತ್ತದೆ, ಅವರು ಗೊಬ್ಬರ ಚೆನ್ನಾಗಿ ಸೇರಿಸಿ ನೇರ ನೆಲಕ್ಕೇ ಬಿತ್ತಬಹುದು. ಮರುದಿನ ಬೆಳಗ್ಗೆಯೂ ನೀರು ಕಂಡರೆ ಆ ಗುಂಡಿ ಮುಚ್ಚಿಬಿಡಿ, ಏರು ಮಾಡಿ, ಅಂದರೆ ನೆಲದ ಮೇಲೆ ಮಣ್ಣು ಏರಿಸಿದ ಪಾತಿ.

ಏರು ಮಾಡುವುದು

ಏರು ಒಂದು ಅಡಿ ಎತ್ತರ, ಎರಡೂವರೆ ಅಡಿ ಅಗಲ ಇರಲಿ. ಅಂಚಿಗೆ ಒಡೆದ ಕೆಂಪುಕಲ್ಲು ಜೋಡಿಸಿದರೆ ಸಾಕು, ಸಿಮೆಂಟ್ ಹಾಕಬೇಡಿ, ಕಲ್ಲಿನ ಸಂದಿಯಿಂದ ನೀರು ಹೊರಗೆ ಹೋಗಬೇಕು. ಪಾಗಾರಕ್ಕೆ ತಾಗಿಸಿಯೂ ಕಟ್ಟಬೇಡಿ. ಒಂದು ಅಡಿ ಬಿಟ್ಟು ಕಟ್ಟಿ, ಆ ಸಂದಿಯಲ್ಲಿ ನೀರು ಹರಿಯಲು ಒಂದು ಸಣ್ಣ ಕಣಿ ತೆಗೆಯಿರಿ, ಕಣಿ ಗೇಟಿನ ಕಡೆಗೋ ತೋಟದ ಕಡೆಗೋ ಇಳಿಜಾರಾಗಿರಲಿ. ಪಾಗಾರದ ಬುಡದಲ್ಲಿ ನೀರು ಹೋಗುವ ತೂತು ಇದ್ದರೆ ಅದು ಮುಚ್ಚಿಹೋಗಿಲ್ಲವೇ ನೋಡಿ.

ಕೆಳಗಿನ ಮೂರು ನಾಲ್ಕು ಇಂಚಿಗೆ ಮುರಕಲ್ಲಿನ ಚೂರು, ಹಂಚಿನ ಚೂರು. ಅದರ ಮೇಲೆ ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ದಪ್ಪ ಹೊಯಿಗೆ, ಒಂದು ಪಾಲು ಹಳೆಯ ಹಟ್ಟಿ ಗೊಬ್ಬರ (ಗೊಬ್ಬರ ಬೆರೆಸುವುದು ಕೊನೆಗೆ, ಕೆಳಗೆ ಹೇಳುವ ಸುಣ್ಣ ಹಾಕಿ ಎರಡು ವಾರದ ಮೇಲೆ). ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಮಾಡುವ ಅಭ್ಯಾಸ ಇದ್ದವರು ಎರಡು ಬುಟ್ಟಿ ಸೇರಿಸಿ, ಮಣ್ಣು ಹಗುರ ಆಗುತ್ತದೆ. ಹಸಿ ಸೆಗಣಿ ಬೇಡ, ತೆಂಗಿನ ನಾರಿನ ಪುಡಿಯೂ ಜಾಸ್ತಿ ಬೇಡ, ಮಳೆಗಾಲದಲ್ಲಿ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸುಣ್ಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕೆಂಪು ಮಣ್ಣು ಹುಳಿ. ಇಷ್ಟು ಮಳೆಗೆ ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದು ಹೋಗಿರುತ್ತದೆ. ನೀಲಿಯ ಬೇರಿನಲ್ಲಿ ಅಲಸಂಡೆಗೆ ಬರುವ ಹಾಗೆಯೇ ಸಣ್ಣ ಗಂಟುಗಳು ಬರುತ್ತವೆ, ಅದರಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಇರುತ್ತದೆ. ಮಣ್ಣು ತೀರಾ ಹುಳಿಯಾದರೆ ಆ ಗಂಟು ಸರಿಯಾಗಿ ಕಟ್ಟುವುದಿಲ್ಲ. ಬಿತ್ತುವ ಎರಡು ಮೂರು ವಾರ ಮೊದಲು ಹತ್ತು ಅಡಿ ಏರಿಗೆ ಎರಡು ಮೂರು ಹಿಡಿ ಚಿಪ್ಪಿನ ಸುಣ್ಣದ ಪುಡಿ ಚೆಲ್ಲಿ ಮಣ್ಣಿಗೆ ಬೆರೆಸಿ. ಗೊಬ್ಬರ ಮತ್ತು ಸುಣ್ಣ ಒಂದೇ ದಿನ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗಿಬಿಡುತ್ತದೆ. ಮೊದಲು ಸುಣ್ಣ, ಎರಡು ವಾರದ ಮೇಲೆ ಗೊಬ್ಬರ. ದೊಡ್ಡ ಜಾಗ ಆದರೆ ಅಂದಾಜಿನ ಮೇಲೆ ಹೋಗದೆ ಮಣ್ಣು ಪರೀಕ್ಷೆ ಮಾಡಿಸಿ. ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರ.

ಬಿತ್ತುವ ಹೊತ್ತು

ಮಳೆ ಬಂದಾಗ ಬಿತ್ತುವುದು ಎಲ್ಲರ ಅಭ್ಯಾಸ. ನೀಲಿಗೆ ನಾನು ಮಳೆ ಹೋಗುವುದನ್ನು ಕಾಯುತ್ತೇನೆ. ಚೌತಿ ಕಳೆದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಮಣ್ಣಲ್ಲಿ ತೇವ ಇನ್ನೂ ಇರುತ್ತದೆ, ಬಿಸಿಲು ಬಂದಿರುತ್ತದೆ, ಮುಂದಿನ ಜೂನಿಗೆ ಗಿಡಕ್ಕೆ ಎಂಟು ತಿಂಗಳಾಗಿ ಬೇರು ಗಟ್ಟಿಯಾಗಿರುತ್ತದೆ. ಮೇ ತಿಂಗಳಲ್ಲಿ ಹಾಕಿದ ಎಳೆ ಸಸಿ ಆಟಿಯ (ಜುಲೈ, ಆಗಸ್ಟಿನ) ಮಳೆ ತಡೆಯುವುದು ಬಹಳ ಕಷ್ಟ.

ಬೀಜದ ಸಿಪ್ಪೆ ಕಲ್ಲಿನ ಹಾಗೆ ಗಟ್ಟಿ. ಹಾಗೇ ಹಾಕಿದರೆ ಕೆಲವು ಈ ವಾರ, ಕೆಲವು ಎರಡು ತಿಂಗಳ ಮೇಲೆ ಮೊಳೆಯುತ್ತವೆ. ಎರಡು ಮರಳು ಕಾಗದದ ನಡುವೆ ಬೀಜ ಇಟ್ಟು ಹಗುರ ಕೈಯಲ್ಲಿ ಒಂದು ನಿಮಿಷ ಉಜ್ಜಿ, ಹೊಳಪು ಹೋದರೆ ಸಾಕು. ಆಮೇಲೆ ಬಿಸಿ ನೀರಿಗೆ ಹಾಕಿ ರಾತ್ರಿ ಇಡೀ ಬಿಡಿ. ಬಿಸಿ ಅಂದರೆ ಒಲೆಯಿಂದ ಇಳಿಸಿ ಹತ್ತು ನಿಮಿಷ ಆರಿದ ನೀರು, ಕುದಿಯುವ ನೀರು ಅಲ್ಲ. ಬೆಳಗ್ಗೆ ಉಬ್ಬಿದ ಬೀಜಗಳನ್ನು ಅಂದೇ ಬಿತ್ತಿ. ಉಬ್ಬದೆ ಉಳಿದವನ್ನು ಮತ್ತೆ ಉಜ್ಜಿ ನೆನೆಹಾಕಿ.

ಏರಿನ ಮಧ್ಯದ ಸಾಲಿನಲ್ಲಿ ಎರಡೂವರೆ ಅಡಿಗೊಂದು ಗುಳಿ, ಒಂದೊಂದು ಗುಳಿಗೆ ನಾಲ್ಕು ಬೀಜ, ಅರ್ಧ ಇಂಚಿಗಿಂತ ಆಳ ಬೇಡ. ವಾರದ ಒಳಗೆ ಹೆಚ್ಚಿನವು ಮೇಲೆ ಬರುತ್ತವೆ. ನಾಲ್ಕು ಇಂಚು ಆದಾಗ ಗಟ್ಟಿ ಇರುವ ಒಂದನ್ನು ಬಿಟ್ಟು ಉಳಿದದ್ದನ್ನು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರು ಅಲ್ಲಾಡುತ್ತದೆ. ಕತ್ತರಿಸಲು ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ, ಆದರೂ ಕತ್ತರಿಸಬೇಕು.

ನವಿಲು ಬರುವ ಜಾಗದವರು ಎಳೆ ಸಸಿಯ ಮೇಲೆ ತೆಂಗಿನ ಮಡಲು ಅಡ್ಡ ಇಡಿ, ಒಂದು ತಿಂಗಳು ಸಾಕು.

ಮೇ ತಿಂಗಳವರೆಗೆ

ಇಲ್ಲಿ ಜಾಸ್ತಿ ಕೆಲಸ ಇಲ್ಲ. ಮೊದಲ ತಿಂಗಳು ದಿನ ಬಿಟ್ಟು ದಿನ ನೀರು, ಆಮೇಲೆ ವಾರಕ್ಕೆ ಎರಡು ಸಲ. ಬೆರಳು ಎರಡು ಗಂಟು ಒಳಗೆ ಹೋಗುವಷ್ಟು ಮಣ್ಣು ಒಣಗಿದ್ದರೆ ಮಾತ್ರ ಹಾಕಿ. ಮಲ್ಲಿಗೆಗೆ ಹಾಕುವ ಹಾಗೆ ನೆಲಗಡಲೆ ಹಿಂಡಿ, ಯೂರಿಯಾ ಎಲ್ಲ ಹಾಕುವುದು ಬೇಡ. ಸಾರಜನಕ ಅದೇ ಮಾಡಿಕೊಳ್ಳುತ್ತದೆ, ಮೇಲಿಂದ ಜಾಸ್ತಿ ಕೊಟ್ಟರೆ ಗಂಟು ಕಟ್ಟುವುದನ್ನು ನಿಲ್ಲಿಸಿಬಿಡುತ್ತದೆ. ಡಿಸೆಂಬರಿನಲ್ಲಿ ಬುಡಕ್ಕೆ ಒಂದು ಹಿಡಿ ಬೂದಿ ಕೊಟ್ಟರೆ ಸಾಕು. ಗಂಟು ಕೆಲಸ ಮಾಡುತ್ತಿದೆಯೇ ನೋಡಬೇಕಾದರೆ ಬುಡದ ಬದಿಯ ಮಣ್ಣು ಸ್ವಲ್ಪ ಸರಿಸಿ ಒಂದು ಗಂಟನ್ನು ಉಗುರಲ್ಲಿ ಒಡೆಯಿರಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಎಲ್ಲ ಸರಿ ಇದೆ.

ಗಿಡ ಒಂದು ಅಡಿ ಆದಾಗ ತುದಿ ಚಿವುಟಿ. ಚಿವುಟದಿದ್ದರೆ ಒಂದೇ ಕೋಲಾಗಿ ಮೇಲೆ ಹೋಗುತ್ತದೆ, ಪೊದೆ ಆಗುವುದಿಲ್ಲ. ಮುಂದಿನ ಸಾಲಿಗೆ ಅಬ್ಬಲಿಗೆ (ಕನಕಾಂಬರ), ನಿತ್ಯಪುಷ್ಪ ನೆಡಬಹುದು. ನೀಲಿಯ ಎಲೆ ಬಿಡಿ ಬಿಡಿ ಇರುವುದರಿಂದ ಅಬ್ಬಲಿಗೆಯ ಕಿತ್ತಳೆ ಅದರ ಎದುರು ಎದ್ದು ಕಾಣುತ್ತದೆ.

ಮೂರು ನಾಲ್ಕು ತಿಂಗಳಿಗೆ ಮೊಗ್ಗು ಬರುತ್ತದೆ. ಎಲೆ ಬೇಕಾದವರಿಗೆ ಕೊಯ್ಯುವ ಹೊತ್ತು ಅದೇ, ಹೂವು ಬಿಡುವುದಕ್ಕೆ ತುಸು ಮೊದಲು ಎಲೆಯಲ್ಲಿ ಬಣ್ಣ ಚೆನ್ನಾಗಿರುತ್ತದೆ. ನೆಲದಿಂದ ಒಂದು ಅಡಿ ಬಿಟ್ಟು ಕೊಯ್ಯಿರಿ, ಎರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಏಳರಲ್ಲಿ ಎರಡು ಗಿಡವನ್ನು ನಾನು ಮುಟ್ಟುವುದಿಲ್ಲ, ಅವು ಬೀಜಕ್ಕೆ. ಕೋಡು ಕಂದು ಬಣ್ಣಕ್ಕೆ ಬಂದಾಗ ಬೆಳಗ್ಗೆ ಇಬ್ಬನಿ ಇರುವಾಗಲೇ ಕೊಯ್ಯಬೇಕು, ಮಧ್ಯಾಹ್ನ ಆದರೆ ಕೈ ತಾಗುವಾಗಲೇ ಸಿಡಿದು ಬೀಜ ಚೆಲ್ಲುತ್ತದೆ.

ಕೊಯ್ದ ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ. ತಲೆಕೂದಲಿಗೆ ಮದರಂಗಿ ಹಾಕುವವರು ಮೊದಲು ಮದರಂಗಿ ಹಾಕಿ ತೊಳೆದು, ಆಮೇಲೆ ಈ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಾಕಿದರೆ ಕೂದಲು ಕಪ್ಪಾಗುತ್ತದೆ. ಕಲಸಿ ಜಾಸ್ತಿ ಹೊತ್ತು ಇಡಬಾರದು. ಮೊದಲ ಸಲ ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಂದರೆ ಬಿಟ್ಟುಬಿಡಿ. ಹೊಟ್ಟೆಗೆ ತೆಗೆದುಕೊಳ್ಳುವುದು ವೈದ್ಯರನ್ನು ಕೇಳದೆ ಬೇಡವೇ ಬೇಡ.

ಬಣ್ಣ ತೆಗೆದು ನೋಡುವ ಆಸೆ ಇದ್ದರೆ ಒಂದು ಕೆ.ಜಿ. ಹಸಿ ಎಲೆ, ಬಕೆಟಿನಲ್ಲಿ ಹತ್ತು ಲೀಟರ್ ನೀರು, ಎಲೆ ಮುಳುಗುವ ಹಾಗೆ ಮೇಲೆ ಒಂದು ಕಲ್ಲು. ನಮ್ಮ ಸೆಕೆಗೆ ಒಂದು ದಿನ ಸಾಕು, ನೀರು ಹಳದಿ ಹಸಿರಾಗಿ ಮೇಲೆ ತಾಮ್ರದ ಬಣ್ಣದ ಪೊರೆ ಕಟ್ಟುತ್ತದೆ. ಎಲೆ ಹಿಂಡಿ ತೆಗೆದು, 20 ಗ್ರಾಂ ಸುಣ್ಣ ಕದಡಿ, ಒಂದು ಬಕೆಟಿನಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುತ್ತಾ ಇರಿ, ಚಹಾ ಆರಿಸಿದ ಹಾಗೆ. ಗಾಳಿ ತಾಗಿದಂತೆ ನೊರೆ ನೀಲಿಯಾಗುತ್ತದೆ. ಮಕ್ಕಳನ್ನು ಕರೆದು ತೋರಿಸಿ, ಹಸಿರು ನೀರು ಕಣ್ಣೆದುರೇ ನೀಲಿಯಾಗುವುದು ನೋಡಲು ಎಷ್ಟು ಖುಷಿ! ರಾತ್ರಿ ಬಿಟ್ಟರೆ ಬಣ್ಣ ಅಡಿಗೆ ಕೂರುತ್ತದೆ, ಮೇಲಿನ ನೀರು ಬಸಿದು ಬಟ್ಟೆಯಲ್ಲಿ ಸೋಸಿ ಒಣಗಿಸಿ. ಸಿಗುವುದು ಚೂರೇ ಚೂರು. ಈ ಪುಡಿ ನೀರಲ್ಲಿ ಕರಗುವುದಿಲ್ಲ, ಬಟ್ಟೆಗೆ ಹಿಡಿಸಲು ಮತ್ತೆ ಹುದುಗು ಬರಿಸುವ ಕೆಲಸ ಇದೆ, ಅದು ಬೇರೆಯೇ ವಿದ್ಯೆ. ಸೋಸಿ ಉಳಿದ ಎಲೆಯನ್ನು ತೆಂಗಿನ ಬುಡಕ್ಕೆ ಹಾಕಿ, ಒಳ್ಳೆಯ ಹಸಿರು ಗೊಬ್ಬರ.

ಮಳೆಗಾಲ

ಪತ್ತನಾಜೆ ಹತ್ತಿರ ಬರುವಾಗ, ಅಂದರೆ ಮೇ ಕೊನೆಯ ವಾರ, ಗಿಡವನ್ನು ಒಂದೂವರೆ ಅಡಿಗೆ ಕತ್ತರಿಸಿ. ಎತ್ತರದ ಪೊದೆ ಗಾಳಿಮಳೆಗೆ ಅಲ್ಲಾಡಿ ಬುಡದ ಮಣ್ಣು ಸಡಿಲ ಆಗುತ್ತದೆ, ಆ ಸಂದಿಗೆ ನೀರು ಇಳಿಯುತ್ತದೆ. ಬುಡಕ್ಕೆ ಹಾಕಿದ ತರಗೆಲೆ, ಸೋಗೆ ಎಲ್ಲ ತೆಗೆದು ಕಾಂಡದಿಂದ ಒಂದು ಗೇಣು ದೂರ ಸರಿಸಿ. ಬೇಸಗೆಯಲ್ಲಿ ತಂಪು ಕೊಟ್ಟ ಅದೇ ಹೊದಿಕೆ ಮಳೆಗಾಲದಲ್ಲಿ ಕಾಂಡವನ್ನು ಕೊಳೆಸುತ್ತದೆ. ಕಣಿ ಬಿಡಿಸಿ. ಮೊದಲ ದೊಡ್ಡ ಮಳೆಯ ದಿನ ಕೊಡೆ ಹಿಡಿದು ಹೊರಗೆ ಹೋಗಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ. ಆ ಹತ್ತು ನಿಮಿಷದಲ್ಲಿ ತಿಳಿಯುವುದು ಬೇಸಗೆಯಲ್ಲಿ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ನನ್ನ ಏರಿನ ಒಂದು ತುದಿಗೆ ಬಾವಿಕಟ್ಟೆಯ ನೀರು ಬರುತ್ತಿತ್ತು, ನೋಡಿದ ಮೇಲೆ ಎರಡು ಕಲ್ಲು ಅಡ್ಡ ಇಟ್ಟೆ, ಅಷ್ಟೇ.

ಬಸವನಹುಳು ಬಹಳ ಉಪದ್ರ ಕೊಡುತ್ತದೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಸರಿಯಾದ ದಾರಿ. ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯಿ ಎಲೆ ಇಟ್ಟರೆ ಬೆಳಗಾಗುವಾಗ ಅಲ್ಲಿ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಗಿಡಹೇನು, ಹಿಟ್ಟು ತಿಗಣೆ ಮಳೆ ಬಿಟ್ಟ ಮೇಲೆ ಬರುತ್ತವೆ, ಒಂದು ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನ ಎಣ್ಣೆ, ಸ್ವಲ್ಪ ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿ. ಕಾಂಡ ಮಣ್ಣಿಗೆ ತಾಗುವಲ್ಲಿ ಕಪ್ಪಗಾಗಿ ಮೆತ್ತಗೆ ಆದರೆ ಆ ಗಿಡ ಉಳಿಯುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ದೂರ ಹಾಕಿ, ಆ ಜಾಗಕ್ಕೆ ಸುಣ್ಣ ಚೆಲ್ಲಿ. ಪಕ್ಕದ ಗಿಡಗಳ ಬುಡಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದ ಗೊಬ್ಬರ ಕೊಡಿ, ಆದರೆ ಸುಣ್ಣ ಬಿದ್ದ ಜಾಗಕ್ಕೆ ಅದು ಬೇಡ.

ಜುಲೈ, ಆಗಸ್ಟಿನಲ್ಲಿ ಎಲೆ ಹಳದಿಯಾಗಿ ಉದುರಿ ಬರೀ ಕಡ್ಡಿ ಉಳಿಯಬಹುದು. ಹೆದರಿ ಗೊಬ್ಬರ ಸುರಿಯಬೇಡಿ, ಕೀಳಲೂ ಬೇಡಿ. ಅಷ್ಟಮಿ, ಚೌತಿ ಎಲ್ಲ ಮುಗಿದು ನಾಲ್ಕು ದಿನ ಸರಿ ಬಿಸಿಲು ಬಿದ್ದ ಮೇಲೆ ಕಡ್ಡಿಯನ್ನು ಉಗುರಲ್ಲಿ ತುಸು ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರು ಕಂಡರೆ ಎರಡು ವಾರ ಬಿಡಿ, ಬುಡದಿಂದ ಚಿಗುರು ಬರುತ್ತದೆ. ಕಂದು ಕಂಡರೆ ಆ ಗುಳಿಗೆ ಡಬ್ಬಿಯಲ್ಲಿಟ್ಟ ಬೀಜ ಉಜ್ಜಿ ನೆನೆಹಾಕಿ, ಬಿತ್ತುವ ಹೊತ್ತೂ ಅದೇ ಆಗಿರುತ್ತದೆ.